ಆಕಾಶಕ್ಕೂ ಬೇಲಿ ಉಂಟು

ಕೆಲವು ವರ್ಷಗಳ ಹಿಂದಿನ ಮಾತು. ಪುತ್ತೂರಿನ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅಕ್ಕ ಒಂದು ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕುಳಿತವಳು ಹಾಗೆಯೇ ಕಂಬಕ್ಕೆ ಒರಗಿದಳು, ಮತ್ತೆ ಏಳಲಿಲ್ಲ. ಆಕೆಯ ಒಬ್ಬನೇ ಮಗ ಕುವೈತಿನಲ್ಲಿ ಕಟ್ಟಡ ನಿರ್ಮಾಣ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದ. ಸುದ್ದಿ ತಿಳಿಸಿದಾಗ ಅವನು ಅಳಲಿಲ್ಲ. ‘ಮಾವ, ದುಡ್ಡು ಎಷ್ಟಾದರೂ ಆಗಲಿ, ಇವತ್ತು ರಾತ್ರಿ ಮಂಗಳೂರಿಗೆ ಒಂದು ಸೀಟು ಸಿಕ್ಕೀತೋ ನೋಡಿ’ ಎಂದಷ್ಟೇ ಹೇಳಿದ. ನಾನು ಬೆಂಗಳೂರಿನಲ್ಲಿ ಪರಿಚಯದ ಟ್ರಾವೆಲ್ ಏಜೆಂಟರನ್ನೆಲ್ಲ ವಿಚಾರಿಸಿದೆ. ಕುವೈತಿನಿಂದ ಮಂಗಳೂರಿಗೆ ನೇರ ವಿಮಾನ ವಾರದಲ್ಲಿ ಕೆಲವೇ ದಿನ. ಅಂದು ಇರಲಿಲ್ಲ, ಮರುದಿನವೂ ಇರಲಿಲ್ಲ. ಕೊನೆಗೆ ಅವನು ಆ ದೇಶದ್ದೇ ವಿಮಾನವೊಂದರಲ್ಲಿ ಕೊಚ್ಚಿಗೆ ಬಂದು, ಆಲುವಾದಲ್ಲಿ ರೈಲು ಹಿಡಿದು, ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಮನೆ ಮುಟ್ಟುವಾಗ ತಾಯಿಯ ಚಿತೆ ತಣ್ಣಗಾಗಿತ್ತು. ದಾಯಾದಿಯ ಮಗನೊಬ್ಬ ಕೊಳ್ಳಿ ಇಟ್ಟಿದ್ದ. ಇನ್ನೆಷ್ಟು ಹೊತ್ತು ಕಾಯಿಸುವುದೆಂದು ಹಿರಿಯರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ರಾತ್ರಿ ಅವನು ನನ್ನನ್ನು ಕೇಳಿದ: ‘ಕೊಚ್ಚಿಗಿಂತ ಮಂಗಳೂರೇ ಕುವೈತಿಗೆ ಹತ್ತಿರವಲ್ಲವೇ ಮಾವ? ಅಷ್ಟು ದೂರ ಹೋಗುವವರಿಗೆ ಇಲ್ಲಿ ಇಳಿಯಲು ಏನು ಕಷ್ಟ? ಜನ ಇಲ್ಲವೇ?’

ಜನ ಇದ್ದಾರೆ. ವಿಮಾನ ನಿಲ್ದಾಣವೂ ಇದೆ. ಇಳಿಯಲು ಆ ಕಂಪನಿಗೆ ಅಪ್ಪಣೆ ಇಲ್ಲ, ಅಷ್ಟೆ. ಈ ಅಪ್ಪಣೆ ಎಂಬುದು ಎಲ್ಲಿ ಹುಟ್ಟುತ್ತದೆ, ಯಾರು ಕೊಡುತ್ತಾರೆ, ಯಾಕೆ ಕೊಡುವುದಿಲ್ಲ ಎಂಬುದನ್ನು ತಿಳಿಯಲು ಹೊರಟಾಗಲೇ ನಮ್ಮ ತಲೆಯ ಮೇಲಿನ ಆಕಾಶ ಎಷ್ಟು ಒತ್ತೊತ್ತಾದ ಬೇಲಿಗಳಿಂದ ತುಂಬಿದೆಯೆಂದು ನನಗೆ ಮನದಟ್ಟಾದದ್ದು.

ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನನ್ನ ಸೋದರಮಾವ ಉಡುಪಿಯ ಖಾಸಗಿ ಬಸ್ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರು. ರಜೆಯಲ್ಲಿ ಅವರ ಮನೆಗೆ ಹೋದರೆ ಬೆಳಗಿನ ಕಾಫಿಯಿಂದ ರಾತ್ರಿಯ ಗಂಜಿಯವರೆಗೆ ಕೇಳುತ್ತಿದ್ದುದು ಪರ್ಮಿಟ್ಟಿನ ಮಾತೇ. ಬಸ್ಸು ಸ್ವಂತದ್ದು, ರಸ್ತೆ ಸರ್ಕಾರದ್ದು, ಜನ ಯಾರ ಸ್ವತ್ತೂ ಅಲ್ಲ. ಆದರೆ ಯಾವ ಊರಿನಿಂದ ಯಾವ ಊರಿಗೆ, ದಿನಕ್ಕೆ ಎಷ್ಟು ಟ್ರಿಪ್ಪು, ಎಲ್ಲೆಲ್ಲಿ ಜನರನ್ನು ಹತ್ತಿಸಬಹುದು, ಮುಂದಿನ ಬಸ್ಸಿಗೂ ತಮ್ಮದಕ್ಕೂ ಎಷ್ಟು ನಿಮಿಷದ ಅಂತರ ಎಂಬುದೆಲ್ಲ ಆ ಕಾಗದದಲ್ಲಿ ಬರೆದಿರುತ್ತದೆ. ಎರಡು ನಿಮಿಷದ ಟೈಮಿಂಗಿಗಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮಾಲೀಕರನ್ನು ಮಾವ ಹೆಸರು ಹಿಡಿದು ಹೇಳುತ್ತಿದ್ದರು. ರಾಷ್ಟ್ರೀಕೃತ ಮಾರ್ಗಗಳಲ್ಲಂತೂ ಖಾಸಗಿಯವರಿಗೆ ಪ್ರವೇಶವೇ ಇಲ್ಲ. ಜಗತ್ತಿನ ವಿಮಾನ ಸಂಚಾರವೂ ಬಹುಮಟ್ಟಿಗೆ ಇದೇ ಪರ್ಮಿಟ್ ವ್ಯವಸ್ಥೆ. ವ್ಯತ್ಯಾಸವೇನೆಂದರೆ ಇಲ್ಲಿ ಪರ್ಮಿಟ್ಟಿಗೆ ಇಬ್ಬರು ಯಜಮಾನರು. ಹೊರಡುವ ದೇಶ ಮತ್ತು ಇಳಿಯುವ ದೇಶ ಎರಡೂ ಕುಳಿತು ಬರೆದುಕೊಂಡ ಕಾಗದ ಅದು. ಅದನ್ನೇ ದ್ವಿಪಕ್ಷೀಯ ವಾಯುಸೇವಾ ಒಪ್ಪಂದ ಎನ್ನುತ್ತಾರೆ. ಭಾರತ ಇಂಥ ಒಪ್ಪಂದಗಳನ್ನು 116 ದೇಶಗಳೊಂದಿಗೆ ಮಾಡಿಕೊಂಡಿದೆಯೆಂದು ಸರ್ಕಾರ ಸಂಸತ್ತಿಗೆ ತಿಳಿಸಿದೆ.

ಸಮುದ್ರ ಎಲ್ಲರದ್ದು ಎಂಬ ನ್ಯಾಯ ಹಡಗಿನ ಕಾಲದಿಂದ ಬಂದದ್ದು. ಆಕಾಶಕ್ಕೂ ಅದೇ ನ್ಯಾಯ ಅನ್ವಯಿಸಬಹುದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಗೆ ವಾದಿಸಿದ ನ್ಯಾಯಶಾಸ್ತ್ರಜ್ಞರೂ ಇದ್ದರು. ಆದರೆ ಮೊದಲ ಮಹಾಯುದ್ಧದಲ್ಲಿ ವಿಮಾನದಿಂದ ಬಾಂಬು ಬಿದ್ದ ಮೇಲೆ ಆ ವಾದಕ್ಕೆ ಕಿವಿಗೊಡುವವರು ಉಳಿಯಲಿಲ್ಲ. 1919ರ ಪ್ಯಾರಿಸ್ ಒಡಂಬಡಿಕೆ, ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಮತ್ತು ಏಕಮಾತ್ರ ಸಾರ್ವಭೌಮತ್ವವಿದೆ ಎಂದು ಸಾರಿತು. ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರ ನವೆಂಬರ್‌ನಲ್ಲಿ, 52 ದೇಶಗಳ ಪ್ರತಿನಿಧಿಗಳು ಷಿಕಾಗೋದ ಹೋಟೆಲೊಂದರಲ್ಲಿ ಸೇರಿದರು. ಯುದ್ಧಾನಂತರದ ಆಕಾಶವನ್ನು ಹೇಗೆ ಹಂಚಿಕೊಳ್ಳುವುದೆಂಬುದು ಅಲ್ಲಿನ ಪ್ರಶ್ನೆ.

ಅಮೆರಿಕದ ಬಳಿ ವಿಮಾನಗಳಿದ್ದವು. ಯುದ್ಧಕಾಲದಲ್ಲಿ ಸಾಗಾಟದ ವಿಮಾನಗಳನ್ನು ರಾಶಿರಾಶಿಯಾಗಿ ತಯಾರಿಸಿದ್ದು ಅದೇ ದೇಶ. ಬ್ರಿಟನ್ನಿನ ಬಳಿ ವಿಮಾನಗಳು ಕಡಿಮೆ. ಆದರೆ ಇಳಿಯಬೇಕಾದ ತಾಣಗಳೆಲ್ಲ ಅದರ ಸಾಮ್ರಾಜ್ಯದೊಳಗೇ ಇದ್ದವು. ಸಹಜವಾಗಿಯೇ ಅಮೆರಿಕ ಬಾಗಿಲು ತೆರೆಯಿರಿ ಎಂದಿತು, ಬ್ರಿಟನ್ ಅಳೆದು ಕೊಡೋಣ ಎಂದಿತು. ತತ್ತ್ವದ ಮಾತಾಡುವವರು ಯಾವ ಕಡೆ ನಿಂತಿದ್ದಾರೆಂಬುದನ್ನು ಅವರ ಕಣಜ ನೋಡಿಯೇ ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಒಮ್ಮತ ಮೂಡಲಿಲ್ಲ. ಸುರಕ್ಷತೆ, ತಾಂತ್ರಿಕ ನಿಯಮಗಳಿಗಾಗಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು, ಮಾಂಟ್ರಿಯಲ್‌ನಲ್ಲಿ ಅದರ ಕಚೇರಿ ಸ್ಥಾಪನೆಯಾಯಿತು. ವ್ಯಾಪಾರದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಷಿಕಾಗೋ ಒಡಂಬಡಿಕೆಯ ಆರನೆಯ ವಿಧಿ ಹೇಳುವುದಿಷ್ಟೆ: ಒಂದು ದೇಶದ ವಿಶೇಷ ಅನುಮತಿಯಿಲ್ಲದೆ ಇನ್ನೊಂದು ದೇಶದ ನಿಗದಿತ ವಿಮಾನ ಸೇವೆ ಅಲ್ಲಿಗೆ ಹೋಗುವಂತಿಲ್ಲ, ಅದರ ಮೇಲೆ ಹಾದುಹೋಗುವಂತೆಯೂ ಇಲ್ಲ. ನನ್ನ ಅಕ್ಕನ ಮಗ ಆಲುವಾದಲ್ಲಿ ರೈಲು ಹತ್ತಿದ್ದು, ಕೊನೆಗೆ ನೋಡಿದರೆ, ಈ ಒಂದು ವಾಕ್ಯದ ಫಲ.

ಹೀಗಾಗಿ ದೇಶದೇಶಗಳು ಇಬ್ಬಿಬ್ಬರಾಗಿ ಕುಳಿತು ಚೌಕಾಸಿ ಮಾಡಬೇಕಾಯಿತು. 1946ರ ಫೆಬ್ರುವರಿಯಲ್ಲಿ ಬರ್ಮುಡಾ ದ್ವೀಪದಲ್ಲಿ ಅಮೆರಿಕ ಮತ್ತು ಬ್ರಿಟನ್ ಮಾಡಿಕೊಂಡ ಒಪ್ಪಂದವೇ ಮುಂದೆ ಎಲ್ಲರಿಗೂ ಮಾದರಿಯಾಯಿತು. ಆ ಮಾದರಿಯನ್ನು ಹಾಕಿಕೊಟ್ಟವರೇ ಅದರಿಂದ ತೃಪ್ತರಾಗಿರಲಿಲ್ಲ ಎಂಬುದು ಬೇರೆ ಮಾತು. 1977ರಲ್ಲಿ ಅವರಿಬ್ಬರೂ ಮತ್ತೊಂದು ಒಪ್ಪಂದ ಮಾಡಿಕೊಂಡರು. ಅದು ಎಷ್ಟು ಬಿಗಿಯಾಗಿತ್ತೆಂದರೆ ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೆ ಅಮೆರಿಕದ ಎರಡೇ ವಿಮಾನ ಸಂಸ್ಥೆಗಳು ಹೋಗಬಹುದಿತ್ತು. ಮುಕ್ತ ಮಾರುಕಟ್ಟೆಯ ಮಂತ್ರವನ್ನು ಜಗತ್ತಿಗೆಲ್ಲ ಉಪದೇಶಿಸುತ್ತಿದ್ದ ಈ ಎರಡು ದೇಶಗಳ ನಡುವಿನ ಆ ಬೇಲಿ ಕಿತ್ತುಹೋದದ್ದು ಯುರೋಪ್ ಒಕ್ಕೂಟ ಮತ್ತು ಅಮೆರಿಕದ ನಡುವಿನ ಮುಕ್ತ ಆಕಾಶ ಒಪ್ಪಂದ ಜಾರಿಗೆ ಬಂದ 2008ರ ಮಾರ್ಚಿನಲ್ಲಿ.

ಈ ಪರ್ಮಿಟ್ಟುಗಳಲ್ಲಿರುವ ಹಕ್ಕುಗಳಿಗೆ ‘ಸ್ವಾತಂತ್ರ್ಯ’ಗಳೆಂದು ಹೆಸರು. ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಎಣಿಸುತ್ತಾರೆ. ಇಳಿಯದೆ ಮೇಲಿಂದ ಹಾದುಹೋಗುವುದು ಮೊದಲನೆಯದು. ಇಂಧನ ತುಂಬಲು, ರಿಪೇರಿಗೆ ಇಳಿದು, ಯಾರನ್ನೂ ಹತ್ತಿಸದೆ ಇಳಿಸದೆ ಮುಂದುವರಿಯುವುದು ಎರಡನೆಯದು. ತನ್ನ ದೇಶದ ಜನರನ್ನು ಅಲ್ಲಿಗೆ ಒಯ್ಯುವುದು, ಅಲ್ಲಿಂದ ತರುವುದು ಮೂರು ಮತ್ತು ನಾಲ್ಕು. ಇವಿಷ್ಟೇ ಆಗಿದ್ದರೆ ಜಗಳ ಹೆಚ್ಚಿರುತ್ತಿರಲಿಲ್ಲ. ಎರಡು ಪರದೇಶಗಳ ನಡುವೆ ಜನರನ್ನು ಹತ್ತಿಸಿಕೊಂಡು ಹೋಗುವ ಐದನೆಯ ಸ್ವಾತಂತ್ರ್ಯದಿಂದ ತಕರಾರು ಶುರು. 1948ರಲ್ಲಿ ಮುಂಬೈಯಿಂದ ಕೈರೊ, ಜಿನೀವಾಗಳ ಮೂಲಕ ಲಂಡನ್ನಿಗೆ ಮೊದಲ ಬಾರಿ ಹಾರಿದ ಏರ್ ಇಂಡಿಯಾ, 1960ರಲ್ಲಿ ಲಂಡನ್ನಿನಿಂದ ಮುಂದೆ ನ್ಯೂಯಾರ್ಕಿಗೂ ಹೋಯಿತು. ಲಂಡನ್ನಿನಲ್ಲಿ ಹತ್ತಿ ನ್ಯೂಯಾರ್ಕಿನಲ್ಲಿ ಇಳಿಯುವ ಆಂಗ್ಲ ಪ್ರಯಾಣಿಕನನ್ನು ಭಾರತದ ವಿಮಾನ ಒಯ್ಯಬೇಕಾದರೆ ಬೇಕಾಗುವುದು ಈ ಐದನೆಯ ಹಕ್ಕು. ಅದನ್ನು ಯಾರೂ ಸುಲಭವಾಗಿ ಕೊಡುವುದಿಲ್ಲ.

ಆದರೆ ಇಂದಿನ ನಿಜವಾದ ಜಗಳ ಇರುವುದು ಆರನೆಯದರಲ್ಲಿ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರನೊಬ್ಬ ದುಬೈ ಮೂಲಕ ಬೋಸ್ಟನ್ನಿಗೆ ಹೋಗುತ್ತಾನೆಂದು ಇಟ್ಟುಕೊಳ್ಳಿ. ಭಾರತ ಮತ್ತು ದುಬೈ ನಡುವಿನ ಒಪ್ಪಂದದಲ್ಲಿ ಅವನು ದುಬೈಗೆ ಹೋಗುವ ಪ್ರಯಾಣಿಕ. ದುಬೈ ಮತ್ತು ಅಮೆರಿಕದ ಒಪ್ಪಂದದಲ್ಲಿ ದುಬೈಯಿಂದ ಹೊರಟ ಪ್ರಯಾಣಿಕ. ಎರಡು ಸಭ್ಯ ಪರ್ಮಿಟ್ಟುಗಳನ್ನು ಹೊಲಿದು ದುಬೈ ಮೂರನೆಯದೊಂದನ್ನು ತನಗೆ ತಾನೇ ಮಾಡಿಕೊಂಡಂತಾಯಿತು. 1985ರ ಅಕ್ಟೋಬರ್‌ನಲ್ಲಿ ಕರಾಚಿಗೆ ಮೊದಲ ವಿಮಾನ ಹಾರಿಸಿದ ಎಮಿರೇಟ್ಸ್ ಸಂಸ್ಥೆ ಜಗತ್ತಿನ ಅತಿ ದೊಡ್ಡ ವಿಮಾನ ಸಂಸ್ಥೆಗಳಲ್ಲೊಂದಾಗಿ ಬೆಳೆದದ್ದು ಈ ಹೊಲಿಗೆಯಿಂದಲೇ. ಅದರಲ್ಲಿ ಮೋಸವೇನೂ ಇಲ್ಲ. ಯುರೋಪು ಮತ್ತು ಏಷ್ಯಾದ ನಡುವೆ ಮರುಭೂಮಿಯಲ್ಲಿ ಒಂದು ದೊಡ್ಡ ಬಸ್ ಸ್ಟ್ಯಾಂಡ್ ಕಟ್ಟಿ, ಹಗಲೂ ರಾತ್ರಿ ಒಳ್ಳೆಯ ಬಸ್ಸು ಓಡಿಸಿದರು, ಜನ ಹತ್ತಿದರು. ನಾನೂ ಹತ್ತಿದ್ದೇನೆ. ದೆಹಲಿಯಲ್ಲೋ ಮುಂಬೈಯಲ್ಲೋ ಅಂಥದ್ದೊಂದನ್ನು ಕಟ್ಟಬಹುದಿತ್ತಲ್ಲ ಎಂಬ ಹೊಟ್ಟೆಯುರಿ ದೆಹಲಿಯ ಅಧಿಕಾರಿಗಳಿಗೆ ಇದ್ದರೆ ಅದನ್ನೂ ಅರ್ಥ ಮಾಡಿಕೊಳ್ಳಬಹುದು.

ಆ ಹೊಟ್ಟೆಯುರಿಗೆ ಒಂದು ಇತಿಹಾಸವಿದೆ. 2004ರ ನಂತರ ನಮ್ಮ ಸರ್ಕಾರ ಒಪ್ಪಂದಗಳನ್ನು ಧಾರಾಳವಾಗಿ ಸಡಿಲಿಸಿತು. 2005ರ ಏಪ್ರಿಲ್‌ನಲ್ಲಿ ಅಮೆರಿಕದೊಂದಿಗೆ ಮುಕ್ತ ಆಕಾಶ ಒಪ್ಪಂದಕ್ಕೆ ಸಹಿ ಬಿತ್ತು. ಕೊಲ್ಲಿಯ ನಾಡುಗಳಿಗೂ ಆಸನಗಳ ಸಂಖ್ಯೆ ಏರುತ್ತಾ ಹೋಯಿತು. ಬೆಂಗಳೂರಿಗೆ ಆ ಅವಧಿ ಸುಗ್ಗಿಯಾಗಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಹಳೆಯ ಎಚ್‌ಎಎಲ್ ನಿಲ್ದಾಣದ ಇಕ್ಕಟ್ಟಿನಲ್ಲೇ ವಿದೇಶಿ ವಿಮಾನಗಳು ಒಂದೊಂದಾಗಿ ಬಂದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯುವಷ್ಟರಲ್ಲಿ ಊರಿನ ಹೆಸರು ಜಗತ್ತಿನ ವೇಳಾಪಟ್ಟಿಗಳಲ್ಲಿ ಸೇರಿಹೋಗಿತ್ತು. ಆದರೆ ಅದೇ ವೇಳೆ ನಮ್ಮ ಏರ್ ಇಂಡಿಯಾ ಸಾಲದಲ್ಲಿ ಮುಳುಗುತ್ತಿತ್ತು. ಮನೆಯ ಹಸುವನ್ನು ಕೊಟ್ಟಿಗೆಯಲ್ಲಿ ಸೊರಗಲು ಬಿಟ್ಟು ಹೊರಗಿನವರಿಗೆ ಗೋಮಾಳ ತೆರೆದುಕೊಟ್ಟಂತಾಯಿತು ಎಂಬ ಧಾಟಿಯ ಟೀಕೆ ಕೇಳಿಬಂತು. 2011ರಲ್ಲಿ ಮಹಾಲೇಖಪಾಲರ ವರದಿಯೂ ಈ ಧಾರಾಳತನವನ್ನು, ಅದರಲ್ಲೂ ದುಬೈಗೆ ಕೊಟ್ಟದ್ದನ್ನು, ಪ್ರಶ್ನಿಸಿತು.

ಇನ್ನೊಂದು ವಿಚಿತ್ರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪರದೇಶದವರಿಗೆ ಬಾಗಿಲು ತೆರೆದ ಸರ್ಕಾರ ಸ್ವದೇಶಿ ಖಾಸಗಿ ಸಂಸ್ಥೆಗಳಿಗೆ ಮಾತ್ರ, ಐದು ವರ್ಷ ದೇಶದೊಳಗೆ ಹಾರಾಡಿ 20 ವಿಮಾನಗಳನ್ನು ಹೊಂದಿದ ಮೇಲೆಯೇ ಹೊರದೇಶಕ್ಕೆ ಹಾರಬೇಕೆಂಬ ನಿಯಮ ಹಾಕಿತ್ತು. ಒಪ್ಪಂದದಲ್ಲಿ ನಮಗೆ ಸಿಕ್ಕ ಹಕ್ಕುಗಳನ್ನು ಬಳಸಲು ನಮ್ಮವರನ್ನೇ ಬಿಡದೆ, ಎದುರು ಪಕ್ಷದವರು ತಮ್ಮ ಪಾಲನ್ನು ಪೂರ್ತಿ ಬಳಸಿದರೆಂದು ದೂರುವುದು ಯಾವ ನ್ಯಾಯ? ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ನನ್ನು ಕೊಂಡದ್ದರ ಹಿಂದೆ ಈ ನಿಯಮದ ಲೆಕ್ಕಾಚಾರವೂ ಇತ್ತು. 2003ರಲ್ಲಿ ಶುರುವಾದ ಡೆಕ್ಕನ್ನಿಗೆ 2008ರಲ್ಲಿ ಐದು ತುಂಬಿತು. ಆ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಮುಂದಿನ ಕತೆ ಎಲ್ಲರಿಗೂ ಗೊತ್ತು. ಐದು ವರ್ಷದ ಷರತ್ತು ತೆಗೆದುಹಾಕಲು 2016ರ ವಿಮಾನಯಾನ ನೀತಿಯವರೆಗೆ ಕಾಯಬೇಕಾಯಿತು.

ಆಸನಗಳ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಲ್ಲಿಯೊಂದಿಗಿನ ನಮ್ಮ ಒಪ್ಪಂದಗಳಲ್ಲಿ ವಾರಕ್ಕೆ ಇಷ್ಟು ಆಸನ ಎಂದು ಬರೆದಿರುತ್ತದೆ. ಅದು ಎರಡೂ ಕಡೆಗೆ ಸಮ. ಅರಬ್ ಎಮಿರೇಟ್ಸ್ ಒಂದೇ ದೇಶವಾದರೂ ದುಬೈ, ಅಬುಧಾಬಿ, ಶಾರ್ಜಾಗಳೊಂದಿಗೆ ನಮ್ಮ ಲೆಕ್ಕ ಬೇರೆ ಬೇರೆ. ಒಟ್ಟು ಕುಟುಂಬದಲ್ಲಿದ್ದೂ ಒಲೆ ಬೇರೆ ಮಾಡಿಕೊಂಡವರ ಹಾಗೆ. ದುಬೈಯ ಪಾಲು 2014ರಲ್ಲಿ ವಾರಕ್ಕೆ 54,200ರಿಂದ 65,200ಕ್ಕೆ ಏರಿತು. ಅಲ್ಲಿಗೆ ಬಾಗಿಲು ಮುಚ್ಚಿತು. ಇನ್ನೂ 50,000 ಬೇಕೆಂದು 2022ರಲ್ಲಿ ದುಬೈ ಕೇಳಿದಾಗ ಭಾರತ ಒಪ್ಪಲಿಲ್ಲ.

ಅಬುಧಾಬಿಯ ಪ್ರಸಂಗ ಇನ್ನೂ ಬೋಧಪ್ರದ. 2013ರ ಏಪ್ರಿಲ್‌ನಲ್ಲಿ ಅಲ್ಲಿನ ಎತಿಹಾದ್ ಸಂಸ್ಥೆ ನಮ್ಮ ಜೆಟ್ ಏರ್‌ವೇಸ್‌ನ ಶೇಕಡ 24ರಷ್ಟು ಪಾಲನ್ನು ಸುಮಾರು 2,058 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದೇ ಹೊತ್ತಿಗೆ ಭಾರತ ಸರ್ಕಾರ ಅಬುಧಾಬಿಯ ಪಾಲನ್ನು ವಾರಕ್ಕೆ ಸುಮಾರು 13,300 ಆಸನಗಳಿಂದ ಹಂತಹಂತವಾಗಿ 50,000ಕ್ಕೆ ಏರಿಸಲು ಒಪ್ಪಿತು. ಒಂದು ಖಾಸಗಿ ವ್ಯವಹಾರಕ್ಕೂ ದೇಶದ ಆಕಾಶದ ಹಕ್ಕಿಗೂ ನಂಟು ಬೆಸೆದದ್ದು ಕಾಕತಾಳೀಯವೆಂದು ನಂಬುವಷ್ಟು ಮುಗ್ಧತೆ ನನಗಿಲ್ಲ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು. ಸಾವಿರಾರು ನೌಕರರು ಬೀದಿಗೆ ಬಿದ್ದರು. ಅಬುಧಾಬಿಗೆ ಕೊಟ್ಟ ಆಸನಗಳು ಅಬುಧಾಬಿಯಲ್ಲೇ ಉಳಿದವು. ಒಪ್ಪಂದದ ಹಕ್ಕನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಆದ್ದರಿಂದ ಈಗ ಸಚಿವಾಲಯ ಬಿಗಿಹಿಡಿದಿರುವುದನ್ನು ನಾನು ಸಾರಾಸಗಟಾಗಿ ಖಂಡಿಸಲಾರೆ. ಹೀಗೆ ಬಿಗಿಹಿಡಿಯುವುದರಲ್ಲಿ ನಾವು ಒಬ್ಬಂಟಿಗಳೂ ಅಲ್ಲ. ವಾರಕ್ಕೆ 28 ವಿಮಾನಗಳಿದ್ದ ಕತಾರ್ ಏರ್‌ವೇಸ್ ಇನ್ನೂ 21 ಬೇಕೆಂದಾಗ ಆಸ್ಟ್ರೇಲಿಯ ಸರ್ಕಾರ 2023ರಲ್ಲಿ ಇಲ್ಲವೆಂದಿತು. ತನ್ನ ದೇಶದ ಸಂಸ್ಥೆಯನ್ನು ಕಾಪಾಡಲು ಪ್ರಜೆಗಳ ಜೇಬಿಗೆ ಕೈಹಾಕುತ್ತಿದೆಯೆಂದು ಅಲ್ಲಿಯೂ ಗದ್ದಲವಾಯಿತು.

ನನ್ನ ತಕರಾರು ಆಸನಗಳ ಸಂಖ್ಯೆಯ ಬಗ್ಗೆ ಅಲ್ಲ, ಊರುಗಳ ಪಟ್ಟಿಯ ಬಗ್ಗೆ. ಒಪ್ಪಂದದ ಅನುಬಂಧದಲ್ಲಿ ವಿದೇಶಿ ವಿಮಾನಗಳು ಯಾವ ಯಾವ ಊರಿಗೆ ಬರಬಹುದೆಂದು ಹೆಸರಿಸಿರುತ್ತಾರೆ. ಅಧಿಕಾರಿಗಳ ಭಾಷೆಯಲ್ಲಿ ಅದಕ್ಕೆ ‘ಪಾಯಿಂಟ್ ಆಫ್ ಕಾಲ್’ ಎಂದು ಹೆಸರು. ಬಸ್ಸಿನ ಭಾಷೆಯಲ್ಲಿ ಸ್ಟಾಪು. ಭಾರತದ ವಿಮಾನ ಸಂಸ್ಥೆಗಳು ನಮ್ಮ ಯಾವ ಅಂತರರಾಷ್ಟ್ರೀಯ ನಿಲ್ದಾಣದಿಂದ ಬೇಕಾದರೂ ಹೊರಡಬಹುದು. ವಿದೇಶಿಯರು ಪಟ್ಟಿಯಲ್ಲಿರುವ ಊರಿಗೆ ಮಾತ್ರ. ಕೊಚ್ಚಿ, ಕೋಯಿಕ್ಕೋಡ್, ತಿರುವನಂತಪುರಗಳಿಗೆ ಕೊಲ್ಲಿಯ ವಿಮಾನಗಳು ಬರುತ್ತವೆ. ಮಂಗಳೂರಿಗೆ ಬರುವಂತಿಲ್ಲ. 2018ರ ಡಿಸೆಂಬರ್‌ನಲ್ಲಿ ತೆರೆದ ಕಣ್ಣೂರು ನಿಲ್ದಾಣಕ್ಕೂ ಇದೇ ಗತಿ. ಮಹಾನಗರಗಳಲ್ಲದ ಊರುಗಳನ್ನು ಹೊಸದಾಗಿ ವಿದೇಶಿ ಸಂಸ್ಥೆಗಳ ಪಟ್ಟಿಗೆ ಸೇರಿಸುವುದಿಲ್ಲವೆಂಬುದು ತನ್ನ ನಿಲುವೆಂದು ಸರ್ಕಾರ ಸಂಸತ್ತಿನಲ್ಲಿ ಮತ್ತೆ ಮತ್ತೆ ಉತ್ತರಿಸಿದೆ. ಬಾಗಿಲು ತೆರೆದಿದ್ದಾಗ ಒಳಗೆ ನುಗ್ಗಿದವರು ನುಗ್ಗಿದರು. ಮಂಗಳೂರಿನಿಂದ ಮೊದಲ ಬಾರಿ ದುಬೈಗೆ ವಿಮಾನ ಹಾರಿದ್ದು 2006ರಲ್ಲಿ, ಅಂತರರಾಷ್ಟ್ರೀಯ ನಿಲ್ದಾಣದ ಪಟ್ಟ ಸಿಕ್ಕಿದ್ದು 2012ರಲ್ಲಿ. ನಾವು ಎಲೆ ಹಾಕಿ ಕುಳಿತುಕೊಳ್ಳುವಷ್ಟರಲ್ಲಿ ಬಡಿಸುವವರು ಕೈತೊಳೆದಿದ್ದರು.

ಇನ್ನೊಂದು ಪಟ್ಟಿ ಇದೆ. ಆಗ್ನೇಯ ಏಷ್ಯಾದ ಆಸಿಯಾನ್ ರಾಷ್ಟ್ರಗಳ ಮತ್ತು ಸಾರ್ಕ್ ದೇಶಗಳ ವಿಮಾನಗಳಿಗೆ ಭಾರತ 18 ಪ್ರವಾಸಿ ಕೇಂದ್ರಗಳನ್ನು ಮಿತಿಯಿಲ್ಲದೆ ತೆರೆದುಕೊಟ್ಟಿದೆ. ಅದರಲ್ಲಿ ಗಯಾ ಇದೆ, ವಾರಾಣಸಿ ಇದೆ, ಖಜುರಾಹೊ ಇದೆ. ಬುದ್ಧಗಯೆಗೆ ಬರುವ ಥಾಯ್ ಯಾತ್ರಿಕರನ್ನು ನೆನೆದರೆ ಅದು ಬುದ್ಧಿವಂತಿಕೆಯ ನಿರ್ಧಾರವೇ. ಆದರೆ ಕರ್ನಾಟಕದ ಒಂದೇ ಒಂದು ಊರು ಆ ಹದಿನೆಂಟರಲ್ಲಿ ಇಲ್ಲ. ಪಟ್ಟಿ ಮಾಡುವಾಗ ನಮ್ಮವರು ಎಲ್ಲಿದ್ದರೆಂದು ಕೇಳುವುದರಲ್ಲಿ ಈಗ ಅರ್ಥವಿಲ್ಲ. ಕಣ್ಣೂರಿಗಾಗಿ ಕೇರಳದ ಸಂಸದರು ಸದನದಲ್ಲಿ ಎದ್ದು ನಿಂತಷ್ಟು ಸಲ ನಮ್ಮವರು ಮಂಗಳೂರಿಗಾಗಿ ಎದ್ದು ನಿಂತಿಲ್ಲ ಎಂಬುದು ಮಾತ್ರ ಕರಾವಳಿಯವನಾದ ನನ್ನ ಬೇಸರ.

ಬಜ್ಪೆಯ ನಿಲ್ದಾಣಕ್ಕೆ ಮಿತಿಗಳಿವೆಯೆಂಬುದನ್ನು ಮರೆಮಾಚುವುದು ಸರಿಯಲ್ಲ. 1951ರಲ್ಲಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಶುರುವಾದ ಈ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಅದರ ಅಂಚಿನಿಂದ ಕಣಿವೆಗೆ ಬಿದ್ದು 158 ಮಂದಿ ಸತ್ತದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಬೃಹತ್ ವಿಮಾನಗಳು ಅಲ್ಲಿ ಇಳಿಯಲಾರವು, ಇಳಿಯಲೂ ಬಾರದು. ಆದರೆ ಕೊಲ್ಲಿಯ ಅಗ್ಗದ ದರದ ಸಂಸ್ಥೆಗಳು ಹಾರಿಸುವುದು, ನಮ್ಮ ಸಂಸ್ಥೆಗಳು ಇಂದು ಅದೇ ಓಡುದಾರಿಯಲ್ಲಿ ದಿನವೂ ಇಳಿಸುತ್ತಿರುವಂಥ ಸಣ್ಣ ವಿಮಾನಗಳನ್ನೇ. ಆದ್ದರಿಂದ ಅಡ್ಡಿ ಇರುವುದು ಗುಡ್ಡದಲ್ಲಲ್ಲ, ಕಾಗದದಲ್ಲಿ.

ಸರ್ಕಾರದ ವಾದವನ್ನು ಪೂರ್ತಿಯಾಗಿ ಹೇಳದಿದ್ದರೆ ನನ್ನ ಮಾತು ಏಕಪಕ್ಷೀಯವಾದೀತು. ಸಣ್ಣ ಊರುಗಳನ್ನೂ ತೆರೆದರೆ ಅಲ್ಲಿಯ ಜನರೆಲ್ಲ ದುಬೈ, ದೋಹಾಗಳ ಮೂಲಕ ಜಗತ್ತಿಗೆ ಹೋಗುತ್ತಾರೆ. ನಮ್ಮ ನಗರಗಳಲ್ಲಿ ದೊಡ್ಡ ಕೇಂದ್ರಗಳು ಎಂದಿಗೂ ಬೆಳೆಯುವುದಿಲ್ಲ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿವೆ. ಆ ವಿಮಾನಗಳು ಬಂದು ಸೇರುವವರೆಗೆ ಬೇಲಿ ಇರಲಿ ಎಂಬುದು ಅದರ ತಿರುಳು. ನ್ಯೂಯಾರ್ಕಿಗೆ ಹೋಗುವ ಪ್ರಯಾಣಿಕನ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದ ನೇರವಾಗಿ ಬೆಂಗಳೂರಿಗೆ ಹಾರಿಸಿ ತಂದ ವಿಮಾನವನ್ನು ನೋಡಿ ನನಗೂ ಹೆಮ್ಮೆಯಾಗಿತ್ತು. ಆದರೆ ಬಂಟ್ವಾಳದ ಬಡಗಿ, ಸುಳ್ಯದ ಡ್ರೈವರ್, ಕಾಸರಗೋಡಿನ ಹೋಟೆಲ್ ಮಾಣಿ ಕುವೈತಿನಿಂದ ಮುಂದೆ ಎಲ್ಲಿಗೂ ಹೋಗುವವರಲ್ಲ. ಕುವೈತೇ ಅವರ ಕೊನೆಯ ಸ್ಟಾಪು. ಅವರನ್ನು ಒಯ್ಯುವುದಕ್ಕೆ ಆರನೆಯ ಸ್ವಾತಂತ್ರ್ಯ ಬೇಕಿಲ್ಲ. ಯಾವ ದೇಶವೂ ತಕರಾರು ಮಾಡದ ಮೂರು, ನಾಲ್ಕೇ ಸಾಕು. ದೆಹಲಿ, ಮುಂಬೈಗಳ ಕನಸಿನ ಕೇಂದ್ರಗಳಿಗಾಗಿ ಈ ಜನ ಕೋಯಿಕ್ಕೋಡಿನವರೆಗೆ ಟ್ಯಾಕ್ಸಿ ಬಾಡಿಗೆ ತೆರಬೇಕೆ? ಈದ್, ಓಣಂ, ಕ್ರಿಸ್‌ಮಸ್, ಶಾಲೆಯ ರಜೆ ಬಂದಾಗ ಮಂಗಳೂರಿನ ಟಿಕೆಟ್ ದರ ಎಲ್ಲಿಗೆ ಏರುತ್ತದೆಂದು ಕೊಲ್ಲಿಯಲ್ಲಿ ಮಕ್ಕಳಿರುವ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ.

ಪರಿಹಾರ ಕಷ್ಟದ್ದೇನಲ್ಲ. ಆಸನಗಳ ಒಟ್ಟು ಸಂಖ್ಯೆಯನ್ನು ಒಂದೂ ಏರಿಸದೆ, ಇರುವ ಪಾಲಿನಲ್ಲೇ ಇಷ್ಟನ್ನು ಮಂಗಳೂರು, ಕಣ್ಣೂರಿನಂಥ ಊರುಗಳಿಗೆ ಬಳಸಬಹುದೆಂದು ಬರೆಯಬಹುದು. ಮುಂಬೈಗೆ ತರುವ ವಿಮಾನವೊಂದನ್ನು ಬಿಟ್ಟುಕೊಟ್ಟು ಮಂಗಳೂರಿಗೆ ತರಲು ಒಪ್ಪುವ ಕಂಪನಿ ಬರಲಿ; ಒಪ್ಪದವರು ಬಿಡಲಿ. ಎರಡು ವರ್ಷ ನೋಡಿ ಬೇಡವೆನಿಸಿದರೆ ನಿಲ್ಲಿಸುವ ಷರತ್ತನ್ನೂ ಹಾಕಬಹುದು. ನಮ್ಮ ಸಂಸ್ಥೆಗಳು ವಾರದ ಏಳೂ ದಿನ ಕುವೈತಿಗೆ ಹಾರಿಸುತ್ತೇವೆಂದು ಮುಂದೆ ಬಂದರೆ ಅವರಿಗೇ ಮೊದಲ ಮಣೆ ಹಾಕಲಿ, ನನ್ನದೇನೂ ಆಕ್ಷೇಪವಿಲ್ಲ. ಹಾರಿಸುವುದೂ ಇಲ್ಲ, ಹಾರಿಸಲು ಬಿಡುವುದೂ ಇಲ್ಲ ಎಂಬುದು ಮಾತ್ರ ಕೂಡದು. ಮತ್ತು ಈ ಮಾತುಕತೆಗಳು ಎರಡು ದೇಶಗಳ ಅಧಿಕಾರಿಗಳ ನಡುವೆ ಮುಚ್ಚಿದ ಕೋಣೆಯಲ್ಲಿ ಮುಗಿದು, ಸಹಿಯಾದ ಮೇಲೆ ಪತ್ರಿಕೆಯ ಮೂಲೆಯಲ್ಲಿ ಅಂಕಿಯಾಗಿ ಕಾಣಿಸಿಕೊಳ್ಳುವ ಬದಲು, ಕೂರುವ ಮೊದಲೇ ರಾಜ್ಯಗಳನ್ನು ಒಮ್ಮೆ ಕೇಳಬಾರದೇಕೆ? ಬಸ್ಸಿನ ಪರ್ಮಿಟ್ಟಿಗೂ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ.

ಆಕಾಶದ ಹಕ್ಕನ್ನು ದೇಶಗಳು ಇಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದು ಲಾಭಕ್ಕಾಗಿ ಮಾತ್ರ ಅಲ್ಲ, ಸಿಟ್ಟು ತೀರಿಸಿಕೊಳ್ಳಲೂ ಅದೇ ಕೈಗೆ ಸಿಗುವ ಕೋಲು ಎಂಬುದನ್ನು ನಾವು ಬಲ್ಲೆವು. 1971ರ ಜನವರಿಯಲ್ಲಿ ನಮ್ಮ ‘ಗಂಗಾ’ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟಾಗ ಭಾರತ ತನ್ನ ಆಕಾಶವನ್ನು ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ಪಶ್ಚಿಮದಿಂದ ಪೂರ್ವ ಪಾಕಿಸ್ತಾನಕ್ಕೆ ಹೋಗಲು ಅವು ಕೊಲಂಬೊದ ಮೂಲಕ ಸುತ್ತಬೇಕಾಯಿತು. ಆ ವರ್ಷದ ಕೊನೆಗೆ ಪೂರ್ವ ಪಾಕಿಸ್ತಾನವೇ ಇರಲಿಲ್ಲ. ಆದರೂ ದಾವೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 1972ರವರೆಗೆ ನಡೆಯಿತು. ಬಾಲಾಕೋಟ್ ದಾಳಿಯ ನಂತರ 2019ರಲ್ಲಿ ಪಾಕಿಸ್ತಾನ ತಿಂಗಳುಗಟ್ಟಲೆ ತನ್ನ ಆಕಾಶ ಮುಚ್ಚಿತು. ಪಹಲ್ಗಾಮ್ ಹತ್ಯಾಕಾಂಡದ ನಂತರ 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರ ಮುಚ್ಚಿಕೊಂಡವು. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳು ವಿಯೆನ್ನಾದಲ್ಲಿ ಇಂಧನಕ್ಕಾಗಿ ಇಳಿಯಬೇಕಾದಾಗ, ಹಳೆಯ ಕಾಲದ್ದೆಂದು ನಾವೆಲ್ಲ ಮರೆತಿದ್ದ ಎರಡನೆಯ ಸ್ವಾತಂತ್ರ್ಯಕ್ಕೆ ಮತ್ತೆ ಜೀವ ಬಂತು. ಚೀನಾದೊಂದಿಗೆ 2020ರಲ್ಲಿ ನಿಂತ ನೇರ ವಿಮಾನಗಳು ಪುನಃ ಶುರುವಾಗಲು 2025ರ ಅಕ್ಟೋಬರ್ ಬರಬೇಕಾಯಿತು. ಶತ್ರುಗಳೊಂದಿಗೆ ಹೀಗಾಗುವುದು ಅನಿವಾರ್ಯವಿರಬಹುದು. ಕುವೈತ್ ನಮಗೆ ಶತ್ರುವಲ್ಲ.

2025ರ ಜುಲೈಯಲ್ಲಿ, ಹಲವು ವರ್ಷಗಳ ನಂತರ, ಕುವೈತಿನ ಪಾಲನ್ನು ವಾರಕ್ಕೆ 12,000 ಆಸನಗಳಿಂದ 18,000ಕ್ಕೆ ಏರಿಸಲಾಯಿತೆಂಬ ಸುದ್ದಿ ಬಂತು. ನಾನು ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಇನ್ನೂ ಅಲ್ಲೇ ಇದ್ದಾನೆ; ಊರಿನ ಮನೆಗೆ ಬೀಗ ಹಾಕಿದೆ, ತೋಟ ನೋಡಿಕೊಳ್ಳಲು ಒಬ್ಬ ಆಳಿದ್ದಾನೆ. ಸುದ್ದಿಯನ್ನು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದರಲ್ಲಿ ಮಂಗಳೂರು ಉಂಟೋ ಮಾವ?’ ಎಂದ. ನಾನು ಇನ್ನೊಮ್ಮೆ ಓದಿ ನೋಡಿದೆ. ಆಸನಗಳ ಲೆಕ್ಕವಿತ್ತು, ಊರಿನ ಹೆಸರು ಯಾವುದೂ ಇರಲಿಲ್ಲ.